ಬೇಗಂ ರೊಕೆಯಾ: ಬುರ್ಖಾ ತೊಟ್ಟು ಗೋಡೆ ದಾಟಿದ ಮಹಿಳೆ

ನಮ್ಮ ನಾನಿಯ ಟ್ರಂಕಿನ ತಳದಲ್ಲಿ ಒಂದು ಬುರ್ಖಾ ಇತ್ತು. ಅದು ಆಕೆಯ ಮದುವೆಯ ಕಾಲದ್ದು. ನಾನಿ ತೀರಿಕೊಂಡ ಮೇಲೆ ಅಮ್ಮಿ ಅದನ್ನು ಹೊರತೆಗೆದು ಬಿಡಿಸಿದಾಗ ಬಟ್ಟೆ ಹೊಸದರಂತೆಯೇ ಇತ್ತು. ಮಡಿಕೆಯ ಗೆರೆಗಳು ಮಾತ್ರ ಬಿಳಿಚಿಕೊಂಡಿದ್ದವು. ಅದು ಸವೆಯದೆ ಉಳಿದುದರ ಕಾರಣ ತೀರ ಸರಳವಾದುದು. ನಾನಿ ಹೊಸಿಲು ದಾಟಿ ಹೊರಗೆ ಹೋಗುತ್ತಲೇ ಇರಲಿಲ್ಲ. ಆಕೆಗೆ ಜ್ವರ ಬಂದರೆ ವೈದ್ಯರು ಪರದೆಯ ಆಚೆ ಕುಳಿತಿರುತ್ತಿದ್ದರು; ಆಕೆ ಕೈಯನ್ನಷ್ಟೇ ಹೊರಗೆ ಚಾಚುತ್ತಿದ್ದಳು. ನಾಡಿ ಹೇಳಿದಷ್ಟೇ ರೋಗ, ನಾಡಿ ಹೇಳಿದಷ್ಟೇ ಮದ್ದು.

ಅಮ್ಮಿಯ ಬುರ್ಖಾದ ಕಥೆ ಬೇರೆ. ಅದರ ಮೊಣಕೈ ಸವೆದಿದೆ, ಅಂಚು ಕಿತ್ತುಹೋಗಿ ಎರಡು ಬಾರಿ ಹೊಲಿಗೆ ಬಿದ್ದಿದೆ, ಕಪ್ಪು ಬಣ್ಣ ಬಿಸಿಲಿಗೆ ಕಂದಿದೆ. ಬೀಡಿಯ ಎಲೆ ತರುವುದಕ್ಕೆ, ಪಡಿತರದ ಅಂಗಡಿಯ ಸಾಲಿನಲ್ಲಿ ನಿಲ್ಲುವುದಕ್ಕೆ, ನನ್ನ ಶುಲ್ಕ ಕಟ್ಟುವುದಕ್ಕೆ ಆಕೆ ಅದನ್ನೇ ತೊಟ್ಟು ಹೋದವಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ಆ ಸವೆದ ಬುರ್ಖಾಕ್ಕೂ ನನ್ನ ಈ ಓದಿಗೂ ಸಂಬಂಧವಿದೆಯೆಂದು ಬಹುಕಾಲ ನನಗೆ ಹೊಳೆದಿರಲಿಲ್ಲ.

ಸಹಪಾಠಿಗಳಾದ ಗೆಳತಿಯರು ಒಮ್ಮೊಮ್ಮೆ ನನ್ನನ್ನು ಕೇಳುವುದುಂಟು: ತಲೆಗೆ ಸುತ್ತಿಕೊಳ್ಳುವ ಈ ವಸ್ತ್ರ ನಿನಗೆ ಇಷ್ಟವೋ, ಮನೆಯವರ ಬಲವಂತವೋ ಎಂದು. ಪ್ರೀತಿಯಿಂದ ಕೇಳಿದ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡಲು ನನಗೆ ಆಗುತ್ತಿರಲಿಲ್ಲ. ಹೀಗಿರುವಾಗ ಚರಿತ್ರೆಯ ಪಾಠದಲ್ಲಿ ಸಮಾಜ ಸುಧಾರಕರ ಪಟ್ಟಿಯೊಳಗೆ ಒಂದೇ ಸಾಲಿನಲ್ಲಿ ಬಂದು ಹೋದ ಒಂದು ಹೆಸರು ನನ್ನನ್ನು ತಡೆದು ನಿಲ್ಲಿಸಿತು. ಅದು ಬಂಗಾಳದ ಬೇಗಂ ರೊಕೆಯಾ ಸಖಾವತ್ ಹುಸೇನ್ ಅವರ ಹೆಸರು. ಆಕೆಯ ಜೀವನವನ್ನು ಓದುತ್ತ ಹೋದಂತೆ, ನಾನು ಹುಡುಕುತ್ತಿದ್ದ ಉತ್ತರವನ್ನು ನೂರು ವರ್ಷಗಳ ಹಿಂದೆಯೇ ಒಬ್ಬರು ಬದುಕಿ ತೋರಿಸಿದ್ದರೆಂದು ತಿಳಿಯಿತು. ವಾಚಕರೊಡನೆ ಅದನ್ನು ಹಂಚಿಕೊಳ್ಳುವುದೇ ಈ ಚಿಕ್ಕ ಲೇಖನದ ಉದ್ದೇಶ.

ರೊಕೆಯಾ ಹುಟ್ಟಿದ್ದು 1880ರ ಡಿಸೆಂಬರ್ 9ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ರಂಗಪುರ ಸೀಮೆಯ ಪೈರಾಬಂದ್ ಎಂಬ ಗ್ರಾಮದಲ್ಲಿ. ತಂದೆ ದೊಡ್ಡ ಜಮೀನ್ದಾರರು. ಹಲವು ಭಾಷೆಗಳನ್ನು ಬಲ್ಲ ವಿದ್ವಾಂಸರು. ಗಂಡುಮಕ್ಕಳನ್ನು ಕಲ್ಕತ್ತೆಗೆ ಕಳುಹಿಸಿ ಇಂಗ್ಲಿಷ್ ವಿದ್ಯೆ ಕೊಡಿಸಿದ ಆ ಮನೆಯಲ್ಲಿ ಹೆಣ್ಣುಮಕ್ಕಳ ಪಾಲಿಗೆ ದೊರೆತದ್ದು ಕುರಾನಿನ ಪಠನ ಮತ್ತು ಅಷ್ಟಿಷ್ಟು ಉರ್ದು ಮಾತ್ರ. ಮಾತೃಭಾಷೆಯಾದ ಬಂಗಾಳಿಯನ್ನು ಕಲಿಯುವುದು ಕುಲೀನ ಮುಸ್ಲಿಂ ಹೆಣ್ಣುಮಕ್ಕಳಿಗೆ ತರವಲ್ಲವೆಂಬ ನಂಬಿಕೆ ಆಗ ಬಲವಾಗಿತ್ತು. ರೊಕೆಯಾರ ಅಕ್ಕ ಕರೀಮುನ್ನೀಸಾ ಕದ್ದುಮುಚ್ಚಿ ಬಂಗಾಳಿ ಕಲಿತಾಗ ಆಕೆಯ ಓದನ್ನು ನಿಲ್ಲಿಸಿ, ಎಳೆಯ ವಯಸ್ಸಿನಲ್ಲೇ ಮದುವೆ ಮಾಡಿ ಕಳುಹಿಸಿದರು.

ಅಂದಿನ ಅಂತಃಪುರದ ಕಟ್ಟುನಿಟ್ಟು ಎಷ್ಟೆಂಬುದನ್ನು ನಾವು ಇಂದು ಊಹಿಸುವುದೂ ಕಷ್ಟ. ನಮ್ಮ ಕಡೆ ಇದನ್ನು ಗೋಷಾ ಎನ್ನುತ್ತಿದ್ದರು. ಬೆಂಗಳೂರಿನ ಶಿವಾಜಿನಗರದ ಆಸ್ಪತ್ರೆಯೊಂದರ ಹೆಸರಿನಲ್ಲಿ ಆ ಮಾತು ಈಗಲೂ ಉಳಿದಿದೆ. ಪೈರಾಬಂದದಲ್ಲಿ ಗೋಷಾ ಗಂಡಸರಿಂದ ಮರೆಯಾಗುವುದಕ್ಕಷ್ಟೇ ನಿಲ್ಲಲಿಲ್ಲ. ಐದು ವರ್ಷದ ರೊಕೆಯಾ ಪರಿಚಯವಿಲ್ಲದ ಹೆಂಗಸರ ಕಣ್ಣಿಗೂ ಬೀಳುವಂತಿರಲಿಲ್ಲ. ನೆರೆಮನೆಯ ಹೆಂಗಸರು ಬಂದರೆಂದು ಯಾರಾದರೂ ಕಣ್ಸನ್ನೆ ಮಾಡಿದೊಡನೆ ಆ ಮಗು ಓಡಿಹೋಗಿ ಅಡಿಗೆಮನೆಯಲ್ಲೋ, ದಾಸಿಯರು ಸುತ್ತಿಟ್ಟ ಚಾಪೆಯ ಒಳಗೋ, ಮಂಚದ ಕೆಳಗೋ ಅಡಗಿಕೊಳ್ಳಬೇಕು. ಒಮ್ಮೆ ಬಂಧುಗಳ ಮನೆಯಿಂದ ಬಂದ ಇಬ್ಬರು ದಾಸಿಯರು ಮನೆಯ ತುಂಬ ಸುತ್ತಾಡುತ್ತಿದ್ದುದರಿಂದ ಆಕೆ ನಾಲ್ಕು ದಿನ ಮಹಡಿಯ ಮೇಲಿನ ಅಟ್ಟದಲ್ಲಿ ಅವಿತುಕೊಂಡಿರಬೇಕಾಯಿತು. ಅನ್ನ ನೀರಿನ ನೆನಪನ್ನು ಯಾರೂ ಮಾಡದಿದ್ದಾಗ ಆಕೆಯ ಓರಗೆಯ ಬಂಧು ಹುಡುಗನೊಬ್ಬ ಕಂಡು ಬಂದು ಏನಾದರೂ ತಂದುಕೊಡುತ್ತಿದ್ದನಂತೆ. ಐದು ವರ್ಷದ ಕೂಸು ಯಾರ ಕಣ್ಣಿಗೆ ಬಿದ್ದರೆ ಯಾರ ಧರ್ಮ ಕೆಡುತ್ತಿತ್ತು? ಈ ಪ್ರಶ್ನೆಯೇ ಮುಂದೆ ಆಕೆಯ ಬದುಕಿನ ಮೂಲಪ್ರಶ್ನೆಯಾಯಿತು.

ಆಕೆಯ ಅದೃಷ್ಟಕ್ಕೆ ಅಣ್ಣ ಇಬ್ರಾಹಿಂ ಸಾಬೇರ್ ಇದ್ದರು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಮೇಣದ ಬತ್ತಿಯ ಬೆಳಕಿನಲ್ಲಿ ಅವರು ತಂಗಿಗೆ ಬಂಗಾಳಿಯನ್ನೂ ಇಂಗ್ಲಿಷನ್ನೂ ಕಲಿಸಿದರು. ಹಗಲಿನಲ್ಲಿ ನಿಷಿದ್ಧವಾದುದು ರಾತ್ರಿಯಲ್ಲಿ ದಕ್ಕಿತು. ಆ ಉಪಕಾರವನ್ನು ರೊಕೆಯಾ ಮರೆಯಲಿಲ್ಲ. ಮುಂದೆ ತಾವು ಬರೆದ ಪದ್ಮರಾಗ ಎಂಬ ಕಾದಂಬರಿಯನ್ನು ಅಣ್ಣನಿಗೂ, ಮತಿಚೂರ್ ಎಂಬ ಲೇಖನ ಸಂಗ್ರಹದ ಎರಡನೆಯ ಭಾಗವನ್ನು ಅಕ್ಕ ಕರೀಮುನ್ನೀಸಾಗೂ ಅರ್ಪಿಸಿದರು.

ಹದಿನೆಂಟರ ಆಸುಪಾಸಿನಲ್ಲಿ ಆಕೆಯ ವಿವಾಹವಾಯಿತು. ಪತಿ ಖಾನ್ ಬಹಾದ್ದೂರ್ ಸೈಯದ್ ಸಖಾವತ್ ಹುಸೇನರು ಬಿಹಾರದ ಭಾಗಲ್ಪುರದವರು. ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಹುದ್ದೆಯಲ್ಲಿದ್ದವರು. ಅವರಿಗೆ ಅದು ಎರಡನೆಯ ಮದುವೆ; ವಯಸ್ಸಿನ ಅಂತರ ಬಹಳವಿತ್ತು. ಆದರೂ ಹೆಂಡತಿಯ ಓದು ಬರಹಗಳಿಗೆ ಅವರು ಕೊಟ್ಟ ಪ್ರೋತ್ಸಾಹ ಅಪೂರ್ವವಾದುದು. 1902ರಲ್ಲಿ ರೊಕೆಯಾರ ಮೊದಲ ಬರಹ ಬಂಗಾಳಿ ಪತ್ರಿಕೆಯೊಂದರಲ್ಲಿ ಬೆಳಕು ಕಂಡಿತು. 1905ರಲ್ಲಿ ಆಕೆ ಇಂಗ್ಲಿಷಿನಲ್ಲಿ ಬರೆದ ಸುಲ್ತಾನಾಸ್ ಡ್ರೀಮ್ ಎಂಬ ಕಥೆ ಮದರಾಸಿನ ಇಂಡಿಯನ್ ಲೇಡೀಸ್ ಮ್ಯಾಗಜೀನ್‌ನಲ್ಲಿ ಪ್ರಕಟವಾಯಿತು. ಪತಿ ಪ್ರವಾಸ ಹೋಗಿದ್ದಾಗ ಹೊತ್ತು ಕಳೆಯಲೆಂದು ಬರೆದ ಕಥೆಯದು. ಅವರು ಮರಳಿ ಬಂದವರೇ ನಿಂತ ನಿಲುವಿನಲ್ಲಿ ಓದಿ ಮುಗಿಸಿ ಮೆಚ್ಚಿಕೊಂಡರಂತೆ. ಆ ಕಥೆಯ ನಾಡಿನಲ್ಲಿ ಗಂಡಸರು ಮನೆಯ ಒಳಗೆ, ಹೆಂಗಸರು ಹೊರಗೆ. ಸೂರ್ಯನ ಶಾಖದಿಂದ ಹೊಗೆಯಿಲ್ಲದ ಅಡಿಗೆಯಾಗುತ್ತದೆ. ಆಕಾಶದಲ್ಲಿ ವಾಹನಗಳು ಹಾರುತ್ತವೆ. ಯುದ್ಧವನ್ನು ವಿದ್ಯೆಯ ಬಲದಿಂದ ಗೆಲ್ಲುತ್ತಾರೆ. ಓದುವಾಗ ನಗು ಬರುತ್ತದೆ. ನಕ್ಕ ಮೇಲೆ, ಗೋಡೆಯ ಒಳಗೆ ಕೂಡಿಹಾಕಿದರೆ ಹೇಗಿರುತ್ತದೆಂದು ಗಂಡಸಿಗೂ ಅರಿವಾಗುತ್ತದೆ.

ಇಷ್ಟು ಓದಿದವರಿಗೆ ಈಕೆ ಬುರ್ಖಾವನ್ನು ಕಿತ್ತೆಸೆದವಳಿರಬೇಕು ಎನಿಸುವುದು ಸಹಜ. ನನಗೂ ಹಾಗೆಯೇ ಎನಿಸಿತ್ತು. ಆದರೆ ಅದೇ ಕಾಲದಲ್ಲಿ ಆಕೆ ಬುರ್ಖಾ ಎಂಬ ಹೆಸರಿನಲ್ಲೇ ಒಂದು ಲೇಖನ ಬರೆದರು. ಅದರಲ್ಲಿ ಬುರ್ಖಾದ ಪರವಾಗಿಯೇ ವಾದಿಸಿದರು! ನಾಗರಿಕರೆನಿಸಿದ ಎಲ್ಲ ಜನಾಂಗಗಳಲ್ಲಿಯೂ ಮೈ ಮುಚ್ಚುವ ಯಾವುದಾದರೊಂದು ರೂಢಿಯಿದೆ. ಮರ್ಯಾದೆಗಾಗಿ ತೊಡುವ ಉಡುಪು ಉನ್ನತಿಗೆ ಅಡ್ಡಿಯಲ್ಲ. ನಮ್ಮ ಹೆಂಗಸರು ಹಿಂದುಳಿದಿರುವುದು ಬಟ್ಟೆಯ ದೆಸೆಯಿಂದಲ್ಲ, ಹೆಣ್ಣುಮಕ್ಕಳ ಶಾಲೆಯೂ ಕಲಿಸುವ ಉಪಾಧ್ಯಾಯಿನಿಯರೂ ಇಲ್ಲದ ದೆಸೆಯಿಂದ ಎಂಬುದು ಆಕೆಯ ವಾದದ ಸಾರ. ಅದರ ಜೊತೆಗೇ, ಹೆಣ್ಣುಮಕ್ಕಳು ಇತರ ಹೆಂಗಸರಿಂದಲೂ ಅಡಗಿ ಕೂರುವಂತಹ ಅತಿರೇಕಗಳನ್ನು ಧರ್ಮವೆಂದು ಕರೆಯುವುದು ತಪ್ಪೆಂದು ಆಕೆ ಬರೆದರು. ಅಂದರೆ ಆಕೆ ಎರಡು ವಸ್ತುಗಳನ್ನು ಬೇರೆ ಬೇರೆ ಮಾಡಿ ನೋಡಿದರು. ಒಂದು, ಹೆಣ್ಣು ತೊಡುವ ಬಟ್ಟೆ. ಇನ್ನೊಂದು, ಹೆಣ್ಣಿನ ಸುತ್ತ ಇತರರು ಕಟ್ಟುವ ಗೋಡೆ. ಬಂಗಾಳಿಯಲ್ಲಿ ಆ ಗೋಡೆಗೆ ಅವರೋಧ ಎಂದು ಹೆಸರು.

ಇಲ್ಲಿ ಒಂದು ಮಾತನ್ನು ಹೇಳಬೇಕು. ಹಿಜಾಬ್ ಎಂಬ ಅರಬ್ಬಿ ಶಬ್ದದ ಮೂಲಾರ್ಥ ಮರೆ ಅಥವಾ ತೆರೆ. ತಲೆವಸ್ತ್ರಕ್ಕೆ ಆ ಹೆಸರು ರೂಢಿಯಾದುದು ಆಮೇಲೆ. ಕುರಾನಿನ 24ನೆಯ ಅಧ್ಯಾಯದಲ್ಲಿ ಹೆಂಗಸರ ಉಡುಪಿನ ಮಾತು ಬರುವುದಕ್ಕೆ ಮೊದಲು, ದೃಷ್ಟಿಯನ್ನು ತಗ್ಗಿಸಿಕೊಳ್ಳಬೇಕೆಂಬ ವಿಧಿ ಗಂಡಸರಿಗೇ ಬರುತ್ತದೆ. ಇದನ್ನು ನಮ್ಮ ಓಣಿಯಲ್ಲಿ ನೆನಪಿಸುವವರು ಕಡಿಮೆ. ಲಜ್ಜೆ ಇಬ್ಬರಿಗೂ ಸೇರಿದ್ದು. ಅದರ ಭಾರವನ್ನು ಒಬ್ಬರ ತಲೆಗೇ ಹೊರಿಸಿದಾಗ ತೆರೆಯು ಗೋಡೆಯಾಗುತ್ತದೆ.

1909ರ ಮೇ 3ರಂದು ಸಖಾವತ್ ಹುಸೇನರು ತೀರಿಕೊಂಡರು. ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಶೈಶವದಲ್ಲೇ ಕಣ್ಮರೆಯಾಗಿದ್ದರು. ಮೂವತ್ತು ತುಂಬುವ ಮೊದಲೇ ರೊಕೆಯಾ ಒಂಟಿಯಾದರು. ಹೆಣ್ಣುಮಕ್ಕಳ ಶಾಲೆಗೆಂದು ಪತಿ ಹತ್ತು ಸಾವಿರ ರೂಪಾಯಿಗಳನ್ನು ತೆಗೆದಿಟ್ಟಿದ್ದರು. ಐದು ತಿಂಗಳೊಳಗಾಗಿ, ಅಕ್ಟೋಬರ್ 1ರಂದು, ಭಾಗಲ್ಪುರದಲ್ಲಿ ಐವರು ವಿದ್ಯಾರ್ಥಿನಿಯರ ಶಾಲೆಯೊಂದು ಪ್ರಾರಂಭವಾಯಿತು. ಆಸ್ತಿಯ ವಿಷಯದಲ್ಲಿ ಮಲಮಗಳ ಕಡೆಯವರಿಂದ ಕಿರುಕುಳ ಹೆಚ್ಚಿ ಆಕೆ ಊರನ್ನೇ ಬಿಡಬೇಕಾಯಿತು. ಆದರೂ ಧೈರ್ಯ ಬಿಡಲಿಲ್ಲ. 1911ರ ಮಾರ್ಚ್ 16ರಂದು ಕಲ್ಕತ್ತೆಯ ವಲಿಉಲ್ಲಾ ಲೇನಿನ ಒಂದು ಬಾಡಿಗೆ ಮನೆಯಲ್ಲಿ ಎಂಟು ಹುಡುಗಿಯರೊಡನೆ ಸಖಾವತ್ ಮೆಮೋರಿಯಲ್ ಬಾಲಿಕೆಯರ ಶಾಲೆ ಮತ್ತೆ ತೆರೆಯಿತು.

ಸ್ವತಃ ಒಂದು ದಿನವೂ ಶಾಲೆಗೆ ಹೋಗಿ ಕುಳಿತವರಲ್ಲ ಆಕೆ! ಒಬ್ಬ ಉಪಾಧ್ಯಾಯಿನಿ ಹಲವಾರು ಮಕ್ಕಳಿಗೆ ಏಕಕಾಲದಲ್ಲಿ ಪಾಠ ಹೇಳುವುದು ಹೇಗೆಂಬುದೇ ಆಕೆಗೆ ತಿಳಿದಿರಲಿಲ್ಲ. ಕಲ್ಕತ್ತೆಯ ಬೇರೆ ಶಾಲೆಗಳಿಗೆ ಹೋಗಿ, ಕಣ್ಣಾರೆ ಕಂಡು, ಆ ಕೆಲಸವನ್ನು ಕಲಿತರು. ಇದನ್ನು ಓದಿದಾಗ, ಕಾಲೇಜಿನ ಮೊದಲ ದಿನ ಯಾವ ಅರ್ಜಿಯನ್ನು ಯಾವ ಕಿಟಕಿಯಲ್ಲಿ ಕೊಡಬೇಕೆಂದು ತಿಳಿಯದೆ, ಕೇಳಲು ಮನೆಯಲ್ಲಿ ಯಾರೂ ಇಲ್ಲದೆ, ಗೋಡೆಗೊರಗಿ ನಿಂತಿದ್ದ ನನ್ನ ನೆನಪಾಯಿತು. ಮೊದಲಿಗರ ಕಷ್ಟ ಮೊದಲಿಗರಿಗೇ ಗೊತ್ತು.

ಶಾಲೆಗೆ ಮಕ್ಕಳು ತಾವಾಗಿ ಬರಲಿಲ್ಲ. ರೊಕೆಯಾ ಬುರ್ಖಾ ತೊಟ್ಟು ಮನೆಮನೆಗೆ ಹೋದರು. ಅಂತಃಪುರದೊಳಗೆ ಕುಳಿತು ತಾಯಂದಿರನ್ನು ಒಪ್ಪಿಸಿದರು. ಗೋಷಾ ಕೆಡದಂತೆ ಮಕ್ಕಳನ್ನು ಕರೆತಂದು ಗೋಷಾ ಕೆಡದಂತೆ ಮನೆಗೆ ತಲುಪಿಸುವುದಾಗಿ ಭರವಸೆ ಕೊಟ್ಟರು. ಬುರ್ಖಾ ತೊಟ್ಟುದರಿಂದಲೇ ಆ ಬಾಗಿಲುಗಳು ಆಕೆಗೆ ತೆರೆದವು. 1915ರ ವೇಳೆಗೆ ವಿದ್ಯಾರ್ಥಿನಿಯರ ಸಂಖ್ಯೆ 84ಕ್ಕೆ ಏರಿತು. 1916ರಲ್ಲಿ ಅಂಜುಮನ್-ಎ-ಖವಾತೀನ್-ಎ-ಇಸ್ಲಾಂ ಎಂಬ ಮಹಿಳಾ ಸಂಘವನ್ನು ಸ್ಥಾಪಿಸಿ, ಬಡ ಹೆಂಗಸರ ನೆರವಿಗೂ ಆಕೆ ನಿಂತರು. ಇದರ ನಡುವೆ ಬ್ಯಾಂಕೊಂದು ಮುಳುಗಿ ಶಾಲೆಗೆಂದು ಇಟ್ಟಿದ್ದ ಹಣ ಕೈಬಿಟ್ಟುಹೋಯಿತು. ಮುಸಲ್ಮಾನರಲ್ಲೇ ಕೆಲವರು ಆಕೆಯನ್ನು ಮರ್ಯಾದೆಗೆಟ್ಟವಳೆಂದು ಜರೆದರು. ಶಾಲೆ ನಿಲ್ಲಲಿಲ್ಲ.

ಶಾಲೆಯ ಬಸ್ಸಿನ ಪ್ರಸಂಗವೊಂದನ್ನು ಆಕೆಯೇ ಬರೆದಿಟ್ಟಿದ್ದಾರೆ. ಹುಡುಗಿಯರು ಹೊರಗಿನವರ ಕಣ್ಣಿಗೆ ಬೀಳಬಾರದೆಂದು ಆ ಗಾಡಿಯನ್ನು ಎಲ್ಲ ಕಡೆಯಿಂದಲೂ ಮುಚ್ಚಿ ಮಾಡಿಸಲಾಗಿತ್ತು. ಗಾಳಿಗೆಂದು ಇದ್ದುದು ಕಿರಿದಾದ ಜಾಲರಿ ಮಾತ್ರ. ಕತ್ತಲೆಗೂ ಸೆಕೆಗೂ ಮಕ್ಕಳು ಅತ್ತರು, ವಾಂತಿ ಮಾಡಿಕೊಂಡರು, ಕೆಲವರು ಪ್ರಜ್ಞೆ ತಪ್ಪಿದರು. ತಾಯಂದಿರು ದೂರಿದರು. ಅದನ್ನು ಚಲಿಸುವ ಕತ್ತಲೆಕೋಣೆಗೆ ಹೋಲಿಸಿದವರೂ ಇದ್ದರು. ರೊಕೆಯಾ ಹಲಗೆಗಳನ್ನು ತೆಗೆಸಿ, ಅವುಗಳ ಸ್ಥಳದಲ್ಲಿ ಬಟ್ಟೆಯ ಪರದೆ ಹಾಕಿಸಿದರು. ಎರಡು ಮೂರು ದಿನ ಕಳೆಯುವುದರೊಳಗೆ ಅಂಚೆಯಲ್ಲಿ ಕೋಪದ ಕಾಗದಗಳು ಬಂದವು. ಪರದೆ ಗಾಳಿಗೆ ಹಾರಾಡಿ ಗೋಷಾ ಕೆಡುತ್ತಿದೆ. ಸರಿಪಡಿಸದಿದ್ದರೆ ಪತ್ರಿಕೆಗಳಲ್ಲಿ ಬರೆಯುತ್ತೇವೆ, ಹುಡುಗಿಯರು ಶಾಲೆಗೆ ಬರದಂತೆ ತಡೆಯುತ್ತೇವೆ ಎಂದು ಅವುಗಳಲ್ಲಿ ಬೆದರಿಕೆಯಿತ್ತು. ಮುಚ್ಚಿದರೆ ಮಕ್ಕಳ ಉಸಿರು ನಿಲ್ಲುತ್ತದೆ. ತೆರೆದರೆ ಶಾಲೆಯೇ ನಿಲ್ಲುತ್ತದೆ. ಈ ಇಕ್ಕಟ್ಟಿನ ನಡುವೆಯೇ ಆಕೆ ಎರಡು ದಶಕಗಳ ಕಾಲ ಆ ಶಾಲೆಯನ್ನು ನಡೆಸಿದರು.

ಈ ಪ್ರಸಂಗ ಆಕೆಯ ಅವರೋಧಬಾಸಿನಿ ಎಂಬ ಪುಸ್ತಕದಲ್ಲಿದೆ. 1931ರಲ್ಲಿ ಪ್ರಕಟವಾದ ಆ ಪುಟ್ಟ ಪುಸ್ತಕದಲ್ಲಿ ಗೋಷಾದ ಅತಿರೇಕಗಳ 47 ಪ್ರಸಂಗಗಳಿವೆ. ಕೆಲವು ನಗಿಸುತ್ತವೆ, ಕೆಲವು ಎದೆ ನಡುಗಿಸುತ್ತವೆ. ಮನೆಗೆ ಬೆಂಕಿ ಬಿದ್ದಾಗ ಒಡವೆಯ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದ ಗೃಹಿಣಿಯೊಬ್ಬಳು, ಅಂಗಳದಲ್ಲಿ ಪರಪುರುಷರು ನಿಂತಿರುವುದನ್ನು ಕಂಡು ಹಿಂದಿರುಗಿ ಮಂಚದ ಕೆಳಗೆ ಅಡಗಿ ಸುಟ್ಟುಹೋದಳು. ಇನ್ನೊಂದು ಪ್ರಸಂಗ ಆಕೆಯ ಪತಿಯ ಸಂಬಂಧಿಕಳದೇ. ಕಿಯೂಲ್ ಜಂಕ್ಷನ್ನಿನಲ್ಲಿ ಬಂಡಿ ಬದಲಾಯಿಸುವಾಗ ಬುರ್ಖಾ ಕಾಲಿಗೆ ತೊಡರಿ ಆ ಹೆಂಗಸು ಹಳಿಯ ಮೇಲೆ ಬಿದ್ದಳು. ಜೊತೆಗಿದ್ದವಳು ಒಬ್ಬ ದಾಸಿ ಮಾತ್ರ. ಕೂಲಿಗಳು ಎತ್ತಲು ಧಾವಿಸಿದಾಗ, ಗಂಡಸರು ಮುಟ್ಟಕೂಡದೆಂದು ದಾಸಿಯೇ ಅಡ್ಡ ನಿಂತಳು. ಅವಳೊಬ್ಬಳಿಂದ ಎತ್ತಲು ಆಗಲಿಲ್ಲ. ಸ್ವಲ್ಪ ಹೊತ್ತು ಕಾದು ಬಂಡಿ ಹೊರಟಿತು. ನಿಲ್ದಾಣದ ಜನರೆಲ್ಲ ನೋಡುತ್ತಿದ್ದಂತೆಯೇ ಆಕೆ ಅದರಡಿಯಲ್ಲಿ ನುಜ್ಜುಗುಜ್ಜಾದಳು.

ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪರದೆಯಾಚೆ ಕೈ ಚಾಚಿದ ನಾನಿ ಕಣ್ಣೆದುರಿಗೆ ಬಂದಳು. ಬುರ್ಖಾವನ್ನು ಸಮರ್ಥಿಸಿದ ಲೇಖನಿಯೇ ಇದನ್ನೂ ಬರೆಯಿತಲ್ಲ, ಹೇಗೆ ಎಂದು ಯೋಚಿಸಿದೆ. ಆಕೆಯ ವಿಚಾರ ವರ್ಷಗಳು ಉರುಳಿದಂತೆ ಹರಿತವಾಯಿತೆಂಬುದು ನಿಜ. ಗೋಷಾವನ್ನು ಆಕೆ ಕೊನೆಗೆ, ನೋವಿನ ಅರಿವನ್ನೇ ಕೊಡದೆ ಕೊಲ್ಲುವ ವಿಷಾನಿಲಕ್ಕೆ ಹೋಲಿಸಿದರು. ಆದರೂ ತಲೆಯ ಸೆರಗನ್ನು ಆಕೆ ತೆಗೆಯಲಿಲ್ಲ. ಶಾಲೆಗಾಗಿ, ಮಕ್ಕಳಿಗಾಗಿ, ತಾವು ಸಂಪೂರ್ಣವಾಗಿ ಒಪ್ಪದ ಕಟ್ಟಳೆಗಳನ್ನೂ ಆಕೆ ಪಾಲಿಸಿದರು. ಇದನ್ನು ಹೇಡಿತನ ಎಂದವರೂ ಇರಬಹುದು. ನನಗೆ ಹಾಗೆ ಕಾಣುವುದಿಲ್ಲ. ಆಕೆಯ ಮುಂದೆ ಇದ್ದುದು ವಾದದಲ್ಲಿ ಗೆಲ್ಲುವ ಪ್ರಶ್ನೆಯಲ್ಲ. ನಾಳೆ ಬೆಳಗ್ಗೆ ಎಷ್ಟು ಹುಡುಗಿಯರು ಬಸ್ಸು ಹತ್ತುತ್ತಾರೆಂಬ ಪ್ರಶ್ನೆ.

1932ರ ಡಿಸೆಂಬರ್ 9ರಂದು, ತಮ್ಮ ಹುಟ್ಟುಹಬ್ಬದ ದಿನವೇ, ರೊಕೆಯಾ ಕಲ್ಕತ್ತೆಯಲ್ಲಿ ನಿಧನರಾದರು. ಆಗ ಅವರಿಗೆ 52 ವರ್ಷ. ಹಿಂದಿನ ರಾತ್ರಿ ಬರೆಯುತ್ತಿದ್ದ, ಹೆಣ್ಣಿನ ಹಕ್ಕುಗಳನ್ನು ಕುರಿತ ಲೇಖನವೊಂದು ಅಪೂರ್ಣವಾಗಿ ಮೇಜಿನ ಮೇಲೆ ಉಳಿಯಿತು. ಕಲ್ಕತ್ತೆಯ ಸಮೀಪದ ಸೋದಪುರದಲ್ಲಿ ಅವರ ಸಮಾಧಿ ಇದೆ. ಎಂಟು ಹುಡುಗಿಯರಿಂದ ತೊಡಗಿದ ಶಾಲೆ ಇಂದು ಸರ್ಕಾರಿ ಬಾಲಿಕಾ ಪ್ರೌಢಶಾಲೆಯಾಗಿ ಅದೇ ನಗರದಲ್ಲಿ ನಡೆಯುತ್ತಿದೆ. ಅವರು ಹುಟ್ಟಿದ ರಂಗಪುರದಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವಿದೆ. ಬಾಂಗ್ಲಾದೇಶದಲ್ಲಿ ಡಿಸೆಂಬರ್ 9ನ್ನು ರೊಕೆಯಾ ದಿನವೆಂದು ಆಚರಿಸುತ್ತಾರೆ.

ಈ ಕಥೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಬಸ್ಸಿನ ಆ ಇಕ್ಕಟ್ಟು ನನಗೆ ಅಷ್ಟು ಹಳೆಯದೆನಿಸುವುದಿಲ್ಲ. 2022ರ ಆದಿಯಲ್ಲಿ ನಮ್ಮ ರಾಜ್ಯದ ಹಲವು ವಿದ್ಯಾಸಂಸ್ಥೆಗಳ ಬಾಗಿಲಿನಲ್ಲಿ ತಲೆವಸ್ತ್ರದ ಪ್ರಶ್ನೆ ಎದ್ದಿತು. ಫೆಬ್ರವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ಕೊಟ್ಟರು. ಆಗ ನನ್ನ ಪಕ್ಕದ ಓಣಿಯ ಗೆಳತಿಯೊಬ್ಬಳು ಓದನ್ನು ನಿಲ್ಲಿಸಿದಳು. ಬಾಗಿಲಿನಲ್ಲಿ ನಿಂತವರು ತೆಗೆದು ಒಳಗೆ ಬಾ ಎಂದರು. ಮನೆಯವರು ತೆಗೆಯುವುದಾದರೆ ಹೋಗಲೇಬೇಡ ಎಂದರು. ಇಬ್ಬರೂ ಅವಳ ತಲೆಯ ಮೇಲಿನ ಬಟ್ಟೆಯನ್ನು ನೋಡಿದರು. ತಲೆಯೊಳಗಿನ ಗಣಿತವನ್ನು ಯಾರೂ ನೋಡಲಿಲ್ಲ. ಅವಳು ನನಗಿಂತ ಲೆಕ್ಕದಲ್ಲಿ ಎಷ್ಟೋ ಚುರುಕಾಗಿದ್ದವಳು. ಈಗ ಮನೆಯಲ್ಲೇ ಕುಳಿತು ಬ್ಲೌಸಿಗೆ ಗುಂಡಿ ಹೊಲಿಯುತ್ತಾಳೆ.

ಗೆಳತಿಯರು ಕೇಳುತ್ತಿದ್ದ ಪ್ರಶ್ನೆಗೆ ನನ್ನ ಉತ್ತರವನ್ನು ಈಗ ಹೇಳಬಲ್ಲೆ. ಈ ವಸ್ತ್ರ ಎಲ್ಲ ಮುಸ್ಲಿಂ ಹೆಂಗಸರಿಗೂ ಒಂದೇ ಅರ್ಥವನ್ನು ಕೊಡುವುದಿಲ್ಲ. ಒಬ್ಬಳಿಗೆ ಅದು ದೇವರೊಡನೆ ಮಾಡಿಕೊಂಡ ಒಪ್ಪಂದ. ಒಬ್ಬಳಿಗೆ ತಾಯಿಯಿಂದ ಬಂದ ರೂಢಿ. ಒಬ್ಬಳಿಗೆ ಸಂತೆಯಲ್ಲಿ ನಿರ್ಭಯವಾಗಿ ನಡೆಯುವ ಉಪಾಯ. ಮತ್ತೊಬ್ಬಳಿಗೆ ಅದು ನಿಜವಾಗಿಯೂ ಬಲವಂತ. ತೊಡುವವಳನ್ನೇ ಕೇಳದೆ ಇದನ್ನು ತಿಳಿಯುವ ದಾರಿಯಿಲ್ಲ. ನನ್ನ ಮಟ್ಟಿಗೆ, ಅಮ್ಮಿ ತೊಟ್ಟಿದ್ದಾಳೆಂದು ತೊಡಲು ತೊಡಗಿದೆ. ಈಗ ಪ್ರಾರ್ಥನೆಯಂತೆ ಅದು ನನ್ನದಾಗಿದೆ. ನಾಳೆ ನನ್ನ ತಂಗಿ ಬೇಡವೆಂದರೆ ಅವಳ ಪರವಾಗಿ ಮನೆಯಲ್ಲಿ ಮಾತನಾಡುವವಳೂ ನಾನೇ. ರೊಕೆಯಾ ನನಗೆ ಕಲಿಸಿದ್ದು ಇಷ್ಟು: ಬಟ್ಟೆಯನ್ನು ಕುರಿತು ಕೇಳುವುದಕ್ಕೆ ಮೊದಲು, ಆ ಹುಡುಗಿ ಹೊಸಿಲು ದಾಟಿದ್ದಾಳೆಯೇ, ಅವಳ ಕೈಯಲ್ಲಿ ಪುಸ್ತಕವಿದೆಯೇ ಎಂದು ಕೇಳಬೇಕು.

ನಾನಿಯ ಬುರ್ಖಾವನ್ನು ಅಮ್ಮಿ ಮತ್ತೆ ಮಡಿಚಿ ಟ್ರಂಕಿನಲ್ಲಿಟ್ಟಿದ್ದಾಳೆ. ಅದನ್ನು ಯಾರೂ ತೊಡುವುದಿಲ್ಲ. ಅಂತಿಮ ಪರೀಕ್ಷೆಯ ಶುಲ್ಕ ಕಟ್ಟಲು ಕಳೆದ ವಾರ ಆಕೆ ನನ್ನೊಡನೆ ಕಾಲೇಜಿನವರೆಗೆ ಬಂದಿದ್ದಳು, ಅದೇ ತೇಪೆಯ ಬುರ್ಖಾದಲ್ಲಿ. ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು, ರಸೀತಿಯ ಮೇಲಿದ್ದ ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದಳು. ಹೆಣ್ಣುಮಕ್ಕಳ ಶಾಲೆಗಾಗಿ ಬದುಕನ್ನೇ ಸವೆಸಿದ ಆ ಮಹನೀಯೆಗೆ ನಮ್ಮ ಮನೆಯ ಸಲಾಮನ್ನು ಈ ಪುಟಗಳ ಮೂಲಕ ಸಲ್ಲಿಸುತ್ತೇನೆ.